ನಾಲ್ಕು ಕಪಾಟು ಕನ್ನಡ

ಕಳಂಬೋಲಿ
೬ ಏಪ್ರಿಲ್ ೨೦೨೫

ಪದ್ಮಾ,

ಕೂತು ಓದು. ಇದು ನಿಂತು ಓದುವ ಪತ್ರವಲ್ಲ.

ಕೈಯಲ್ಲಿ ಫೋನು ಇದ್ದೂ ಕಾಕಾ ಕಾಗದ ಯಾಕೆ ಬರೆದ ಎಂದು ನೀನು ಕೇಳುತ್ತೀ. ಫೋನಿನಲ್ಲಿ ನಾನು ನಾಲ್ಕು ದೊಡ್ಡ ಮಾತು ಆಡಿದರೆ ನಿನ್ನ ಚಿಗವ್ವ ದಾನಮ್ಮ ಪಕ್ಕದಲ್ಲೇ ಕೂತು ಕೆಮ್ಮುತ್ತಾಳೆ. ಕಾಗದಕ್ಕೆ ಕೆಮ್ಮಿಲ್ಲ. ಮೇಲಾಗಿ ನಮ್ಮ ಊರ ಭೀಮು ವಾರಕ್ಕೆರಡು ಸಲ ಸಿಂದಗಿ ಬಸ್ಸು ತಂದು ಇಲ್ಲಿ ಸೇತುವೆಯ ಕೆಳಗೆ ನಿಲ್ಲಿಸುತ್ತಾನೆ. ಸಂಜೆ ಅವನ ಕೈಗೆ ಕೊಟ್ಟರೆ ಮರುದಿನ ನಿನ್ನ ಕೈಗೆ.

ಸುದ್ದಿ ಏನೆಂದರೆ, ನಿನ್ನ ಕಾಕಾ ಗ್ರಂಥಾಲಯದ ಮನುಷ್ಯನಾದ.

ನಗಬೇಡ. ಈ ಲೋಖಂಡ ಬಜಾರಿಗೆ ನಾನು ಬಂದು ಮೂವತ್ತೊಂದು ವರ್ಷ. ಹೆಗಲ ಮೇಲೆ ಕಬ್ಬಿಣ ಹೊತ್ತವನು ಈಗ ಇಪ್ಪತ್ತು ಹಮಾಲರ ಮುಕಾದಮ. ನನ್ನ ಒಂದು ಕೂಗಿಗೆ ಟ್ರೇಲರ್ ಹಿಂದಕ್ಕೆ ಬರುತ್ತದೆ, ಇನ್ನೊಂದು ಕೂಗಿಗೆ ನಿಲ್ಲುತ್ತದೆ. ಫೆಬ್ರುವರಿಯಲ್ಲಿ ನಮ್ಮಲ್ಲಿಗೆ ಇಬ್ಬರು ಬಂದರು. ಒಬ್ಬರು ಠಾಣೆಯ ಲೀಲಾಧರ, ಉಡುಪಿ ಕಡೆಯವರು, ನಲವತ್ತು ವರ್ಷ ಹೊಟೇಲು ನಡೆಸಿ ಮಕ್ಕಳ ಕೈಗೆ ಬಿಟ್ಟವರು. ಇನ್ನೊಬ್ಬರು ಡೊಂಬಿವಲಿಯ ಜಯಲತಾ, ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಇವರದೊಂದು ವಾಚನಾಲಯ ಬಳಗ ಇದೆ. ಭಾನುವಾರ ಬಂತೆಂದರೆ ಡೊಂಬಿವಲಿ, ಕಲ್ಯಾಣ, ಠಾಣೆಯ ಸಾರ್ವಜನಿಕ ಗ್ರಂಥಾಲಯಗಳಿಗೆ ಹೋಗಿ ಧೂಳು ಹೊಡೆಯುತ್ತಾರೆ, ಹರಿದದ್ದನ್ನು ಹೊಲಿಯುತ್ತಾರೆ, ಸಿಬ್ಬಂದಿ ಕಡಿಮೆಯಿದ್ದರೆ ಮೇಜಿನ ಹಿಂದೆ ಕೂತು ಪುಸ್ತಕ ಕೊಡುತ್ತಾರೆ. ಯಾರಿಗೂ ಪಗಾರವಿಲ್ಲ. ಕಪಾಟು ಮಾಡಿಸಲು ಕಬ್ಬಿಣದ ಪಟ್ಟಿ ಬೇಕೆಂದು ಬಂದಿದ್ದರು.

"ಎಷ್ಟು ದಪ್ಪಂದು ಬೇಕ್ರಿ?" ಎಂದೆ.

"ಅದೆಲ್ಲ ನಮಗೆ ಗೊತ್ತಿಲ್ಲ ಮಾರಾಯ್ರೇ, ಪುಸ್ತಕ ಬೀಳಬಾರ್ದು, ಅಷ್ಟೇ" ಎಂದರು ಲೀಲಾಧರ.

ಅಂಥವರನ್ನು ಹೇಗೆ ಬಿಡಲಿ? ನಾನೇ ಹೋಗಿ ನಿಲ್ಲಿಸಿಕೊಟ್ಟೆ. ಮರುವಾರವೂ ಹೋದೆ. ಈಗ ಡೊಂಬಿವಲಿ ಗ್ರಂಥಾಲಯದ ಸೂರು ಸೋರುತ್ತದೆಂದು ರಿಪೇರಿ ನಡೆದಿದೆ. ಅಲ್ಲಿ ನಾಲ್ಕು ಕಪಾಟು ಕನ್ನಡ ಇದೆ, ಸಾವಿರದ ನೂರಾ ಇಪ್ಪತ್ತಾರು ಪುಸ್ತಕ. ಮರಾಠಿಯವನ್ನು ಶಾಲೆಗಳಲ್ಲಿ ಇಟ್ಟರು, ಕನ್ನಡಕ್ಕೆ ಜಾಗವಿಲ್ಲ. ಎಲ್ಲರೂ ಮುಖ ಮುಖ ನೋಡುವಾಗ ನಾನು ಎದ್ದು ನಿಂತೆ. "ನನ್ನ ಗಾಳಾ ಖಾಲಿ ಅದ" ಎಂದೆ. ಗಾಳಾ ಎಂದರೆ ಮಾಲು ಇಡುವ ಶೆಡ್ಡು. ಅದು ಶೇಟಜಿಯದು, ಆದರೆ ಕೀಲಿ ನನ್ನದು. ಒಂದೇ ಟೆಂಪೋದಲ್ಲಿ ಕನ್ನಡವೆಲ್ಲ ಕಳಂಬೋಲಿಗೆ ಬಂತು.

ಇನ್ನೇನು, ಹೆಚ್ಚುಕಡಿಮೆ ನಾನೇ ಅಧ್ಯಕ್ಷ. ನಿನ್ನ ಲೈಬ್ರರಿಗೆ ಪುಸ್ತಕ ಸಾಲದು ಎನ್ನುತ್ತಿದ್ದೆಯಲ್ಲ? ಇಲ್ಲಿ ಎರಡೆರಡು ಪ್ರತಿ ಬೇಕಾದಷ್ಟಿವೆ. ಒಂದಿನ್ನೂರು ನಿನಗೆ ಕಳಿಸುತ್ತೇನೆ, ತಿಳಿ.

ನಿನ್ನ ಕಾಕಾ,
ರೇವಣಸಿದ್ದ


ಬೂದಿಹಾಳ
೧೯ ಏಪ್ರಿಲ್ ೨೦೨೫

ಕಾಕಾ, ಶರಣು.

ನಿಮ್ಮ ಪತ್ರವನ್ನು ಮೊದಲು ಕೂತು ಓದಿದೆ. ಆಮೇಲೆ ನಿಂತು ಓದಿದೆ. ನಿಂತು ಓದಿದ್ದು ಪಂಚಾಯಿತಿಯ ಸಭೆಯಲ್ಲಿ.

ನಮ್ಮ ಸಂಗತಿ ನಿಮಗೆ ಪೂರ್ತಿ ಗೊತ್ತಿಲ್ಲ. ನಾನು ಈ ಗ್ರಂಥಾಲಯದ ಮೇಲ್ವಿಚಾರಕಿಯಾಗಿ ಆರು ವರ್ಷವಾಯಿತು. ಇರುವುದು ಗೊಬ್ಬರದ ಗೋದಾಮಿನ ಅರ್ಧ, ಮುನ್ನೂರ ನಲವತ್ತು ಪುಸ್ತಕ. ಪಂಚಾಯಿತಿಯ ಪಕ್ಕದಲ್ಲಿ ಹೊಸ ಕೋಣೆ ಕಟ್ಟಿದ್ದಾರೆ, ಕಿಟಕಿ ನಾಲ್ಕಿವೆ. ಅದನ್ನು ಗ್ರಂಥಾಲಯಕ್ಕೆ ಕೊಡಿ ಎಂದು ಕೇಳಿ ಕೇಳಿ ಸೋತಿದ್ದೆ. "ಖಾಲಿ ಕಪಾಟಿಗಿ ಕ್ವಾಣಿ ಯಾಕ ಬೇಕ್ ತಂಗಿ?" ಎಂದು ಒಬ್ಬ ಸದಸ್ಯರು ಎಲ್ಲರೆದುರು ನಗಾಡಿದ್ದರು. ನಿಮ್ಮ ಪತ್ರ ಓದಿದ ಮೇಲೆ ಯಾರೂ ನಗಲಿಲ್ಲ. ಆಗಸ್ಟ್ ಹದಿನೈದರೊಳಗೆ ಪುಸ್ತಕ ಬಂದರೆ ಕೋಣೆ ನನ್ನದು, ಇಲ್ಲದಿದ್ದರೆ ಬೀಜದ ದಾಸ್ತಾನಿಗೆ ಎಂದು ಠರಾವು ಬರೆದರು.

ಬೆನ್ನಿನ ಚೀಟಿ, ನಂಬರು, ರಿಜಿಸ್ಟರು ಇವುಗಳ ಬಗ್ಗೆ ಎರಡು ಮಾತು ಬರೆಯೋಣವೆಂದು ಪೆನ್ನು ಎತ್ತಿದೆ. ಆಮೇಲೆ ಬಿಟ್ಟೆ. ಅಧ್ಯಕ್ಷರಿಗೆ ನಾನು ಪಾಠ ಹೇಳುವುದೇ?

ಚಿಗವ್ವನಿಗೆ ಕೆಮ್ಮು ಕಡಿಮೆ ಮಾಡಲು ಹೇಳಿ.

ನಿಮ್ಮ
ಪದ್ಮಾವತಿ


ಕಳಂಬೋಲಿ
೧೮ ಮೇ ೨೦೨೫

ಪದ್ಮಾ,

ಪಂಚಾಯಿತಿಯಲ್ಲಿ ನನ್ನ ಪತ್ರ ಓದಿದ್ದು ಕೇಳಿ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಠೀವಿ. ದಾನಮ್ಮ "ಕುತ್ತಿಗಿ ಹಿಡದದೇನು?" ಎಂದಳು.

ತಡವಾಗಿದ್ದಕ್ಕೆ ಕಾರಣವಿದೆ. ದೊಡ್ಡ ಕೆಲಸವೊಂದನ್ನು ಮುಗಿಸಿದ್ದೇನೆ.

ಗಾಳಾದಲ್ಲಿ ಪುಸ್ತಕಗಳ ಮೇಲೆ ಕಬ್ಬಿಣದ ಕೆಂಪು ಪುಡಿ ಕೂರತೊಡಗಿತು. ಪುಸ್ತಕಗಳೋ ಭಿಕಾರಿ ವೇಷ, ಒಂದರ ಬೆನ್ನು ಹರಿದದ್ದು, ಒಂದರ ಮೇಲೆ ಎಣ್ಣೆಯ ಕಲೆ. ನಮ್ಮ ಊರ ಶಾಲೆಯಲ್ಲಿ ಮಾಸ್ತರು ಏನು ಮಾಡುತ್ತಿದ್ದರು? ಕವರ್ ಹಾಕದ ಪುಸ್ತಕ ತಂದವನನ್ನು ಹೊರಗೆ ನಿಲ್ಲಿಸುತ್ತಿದ್ದರು. ನಾನು ಏಳನೆಯ ಇಯತ್ತೆಯವರೆಗೆ ಕಲಿತ ವಿದ್ಯೆಯಲ್ಲಿ ಗಟ್ಟಿಯಾಗಿ ಉಳಿದದ್ದು ಅದೊಂದೇ. ಸಾವಿರದ ನೂರಾ ಇಪ್ಪತ್ತಾರಕ್ಕೂ ಖಾಕಿ ಕಾಗದದ ಕವರ್ ಹಾಕಿಸುವುದೆಂದು ತೀರ್ಮಾನಿಸಿದೆ.

ಮಾಲು ಇಲ್ಲದ ಮಧ್ಯಾಹ್ನಗಳಲ್ಲಿ ಹಮಾಲರು, ಅವರ ಹೆಂಡಂದಿರು ಎಲ್ಲ ಸೇರಿದರು. ಬಾಲಮ್ಮ ಮೈದಾ ಅಂಟು ಕುದಿಸಿದಳು. ಅವಳ ಗಂಡ ಮಾಪಣ್ಣ ಅಫಜಲಪುರ ಕಡೆಯವನು, ಶಾಲೆಯ ಬಾಗಿಲು ಕಂಡವನಲ್ಲ, ಆದರೆ ಕಾಗದ ಮಡಚಿದರೆ ಇಸ್ತ್ರಿ ಹಾಕಿದಂತೆ. ಕವರಿನ ಮೇಲೆ ಲೇಬಲ್ ಬೇಕಲ್ಲ? ಶಾಲೆಯ ಅಂಗಡಿಯಿಂದ ತಂದೆ, ಹೆಸರು, ಇಯತ್ತೆ, ವಿಷಯ ಎಂದು ಅಚ್ಚಾದದ್ದು. ಯಾರು ಕವರ್ ಹಾಕಿದರೋ ಅವರ ಹೆಸರು. ರೀತಿ ಅದೇ ಅಲ್ಲವೇ? ಮಾಪಣ್ಣ ನಲವತ್ತು ಪುಸ್ತಕ ಮುಗಿಸಿ ನನ್ನ ಮುಂದೆ ಒಡ್ಡಿದ. "ನನ್ ಹೆಸರು ಬರೀರಿ ಮುಕಾದಮ. ದೊಡ್ಡದಾಗಿ ಬರೀರಿ."

"ನಲವತ್ತು ಪುಸ್ತಕದ ಮ್ಯಾಲ ಹೆಸರು ಹಾಕಿಸ್ಕೊಂಡಾನ. ಒಂದರಾಗ ಏನದ ಕೇಳ್ರಿ ನೋಡೂಣು" ಎಂದಳು ಬಾಲಮ್ಮ.

"ಒಳಗ ಏನಾರ ಇರ್ಲಿ. ಹೊರಗ ನಾ ಅದೀನಿ" ಎಂದ ಅವನು.

ಈಗ ಬಂದು ನೋಡಬೇಕು ನೀನು. ಗಾತ್ರಕ್ಕೆ ತಕ್ಕಂತೆ ಜೋಡಿಸಿದ್ದೇನೆ, ದಪ್ಪದ್ದು ಕೆಳಗೆ, ತೆಳುವಾದದ್ದು ಮೇಲೆ, ನಮ್ಮ ಬಜಾರಿನ ಶಿಸ್ತು. ಒಂದು ನೂಲು ಆಚೀಚೆ ಇಲ್ಲ.

ಮತ್ತೊಂದು ಸಣ್ಣ ಮಾತು. ಬೆನ್ನ ಮೇಲೆ, ಹಿಂದಿನ ರಟ್ಟಿನ ಒಳಗೆ ಏನೋ ಹಳೆಯ ಚೀಟಿಗಳು ಅಂಟಿದ್ದವು, ಅಂಕಿ ಬರೆದದ್ದು. ಹೊಸ ಕವರಿನ ಒಳಗೆ ಉಬ್ಬುತ್ತವೆಂದು ಒದ್ದೆ ಬಟ್ಟೆಯಿಂದ ಎಲ್ಲ ಕೆರೆದು ತೆಗೆಸಿದೆ. ಅದಕ್ಕೇನೂ ತೊಂದರೆ ಇಲ್ಲ ಅಲ್ಲವೇ? ಸುಮ್ಮನೆ ಕೇಳಿದೆ.

ನಿನ್ನ ಕಾಕಾ


ಬೂದಿಹಾಳ
೨೫ ಮೇ ೨೦೨೫

ಕಾಕಾ,

ಕೆರೆಯುವ ಮೊದಲು ಆ ಅಂಕಿಗಳನ್ನು ಎಲ್ಲಾದರೂ ಬರೆದಿಟ್ಟುಕೊಂಡಿರಾ? ಒಂದು ವಹಿಯಲ್ಲಾಗಲಿ, ಗೋಡೆಯ ಮೇಲಾಗಲಿ? ಚೀಟಿಗಳನ್ನು ಎಸೆದಿರಾ, ಇಟ್ಟಿರಾ? ಬಳಗದವರು ನೋಡಿದರೇ? ಮೂರು ಪ್ರಶ್ನೆಗೂ ಉತ್ತರ ಬರೆಯಿರಿ. ಜಂಬ ಬೇಡ, ಉತ್ತರ ಮಾತ್ರ.

ನಮ್ಮ ಇನ್ನೂರು ಯಾವಾಗ ಹೊರಡುತ್ತವೆ ಎಂಬುದನ್ನೂ ಬರೆಯಿರಿ. ಪಂಚಾಯಿತಿ ಅಧ್ಯಕ್ಷೆ ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದಾರೆ.

ಪದ್ಮಾವತಿ


ಕಳಂಬೋಲಿ
೮ ಜೂನ್ ೨೦೨೫

ಪದ್ಮಾ,

ನಿನ್ನ ಮೂರು ಪ್ರಶ್ನೆಗೆ ಉತ್ತರ: ಇಲ್ಲ. ಎಸೆದೆ. ನೋಡಿದರು.

ಜೂನ್ ಒಂದರಂದು ಲೀಲಾಧರರು ಡೊಂಬಿವಲಿಯ ಗ್ರಂಥಪಾಲೆಯನ್ನು ಕರೆತಂದರು. ಸಬ್ನೀಸ್ ಮೇಡಂ ಎಂದು ಹೆಸರು, ಮರಾಠಿಯವರು, ಮೆತ್ತನೆಯ ದನಿ. ನಾನು ಹಾರ ಒಂದು ತರಿಸಲಿಲ್ಲ, ಉಳಿದದ್ದೆಲ್ಲ ತಯಾರಿ ಮಾಡಿದ್ದೆ. ಶೆಟರ್ ಎತ್ತಿದೆ. ಖಾಕಿ ಖಾಕಿ ಸಾಲು ನೋಡಿ ಅವರು ಬಾಗಿಲಲ್ಲೇ ನಿಂತರು. ಮೆಚ್ಚಿದರೆಂದು ತಿಳಿದೆ. ಒಂದು ಪುಸ್ತಕ ತೆಗೆದು ಲೇಬಲ್ ಮೇಲೆ ಏನಿದೆಯೆಂದು ಕೇಳಿದರು. ಲೀಲಾಧರ ಓದಿದರು, "ಮಾಪಣ್ಣ". ಇನ್ನೊಂದು ತೆಗೆದರು. "ಮಾಪಣ್ಣ". ಮತ್ತೊಂದು. "ಮಾಪಣ್ಣ".

"ಯೇ ಮಾಪಣ್ಣಾ ಬಹುತ್ ಬಡಾ ಲೇಖಕ್ ಹೈ ಕ್ಯಾ?" ಎಂದರು ಮೇಡಂ.

ದೊಡ್ಡ ಲೇಖಕ ಹೊರಗೆ ಟ್ರಕ್ಕಿನ ಮೇಲೆ ಹಗ್ಗ ಬಿಗಿಯುತ್ತಿದ್ದ.

ನಕ್ಕದ್ದು ಅಷ್ಟೇ. ಬೆನ್ನು ತಿರುಗಿಸಿ ನೋಡಿದರು, ನಂಬರಿಲ್ಲ. ಹಿಂದಿನ ರಟ್ಟು ತೆಗೆದರು, ಅಲ್ಲೂ ಇಲ್ಲ. ಮೊದಲ ಪುಟದಲ್ಲಿ ಗ್ರಂಥಾಲಯದ ದುಂಡು ಶಿಕ್ಕೆ ಮಾತ್ರ. ಪುಸ್ತಕದ ಹೆಸರು ನೋಡಿ ಹೊಂದಿಸೋಣವೆಂದರೆ ರಿಜಿಸ್ಟರಿನಲ್ಲಿ ಅರ್ಧಕ್ಕೆ ಹೆಸರೇ ಇಲ್ಲ. ಕನ್ನಡ ಬಾರದ ಯಾರೋ ಗುಮಾಸ್ತರು "ಕನ್ನಡ ಕಾದಂಬರಿ, ಕನ್ನಡ ಕಾದಂಬರಿ, ಇನ್ನೊಂದು ಕನ್ನಡ ಕಾದಂಬರಿ" ಎಂದು ಬರೆದು ಮುಗಿಸಿದ್ದಾರೆ. ಲೆಕ್ಕಕ್ಕೆ ನಂಬರೊಂದೇ ಗತಿ. "ನಂಬರ್ ನಾಹೀ ತರ್ ಪುಸ್ತಕ್ ನಾಹೀ" ಎಂದರು ಮೇಡಂ. ನಂಬರಿಲ್ಲದಿದ್ದರೆ ಪುಸ್ತಕವೇ ಇಲ್ಲ. ಅವರದೇನೂ ತಪ್ಪಿಲ್ಲ, ಬೈಯುವುದಕ್ಕೂ ಬಾರದ ಹೆಂಗಸು.

ಜೂನ್ ಮೂವತ್ತರಂದು ತಪಾಸಣೆ. ನಂಬರು ಸಿಗದ ಪುಸ್ತಕ ಐವತ್ತು ದಾಟಿದರೆ ಕನ್ನಡ ವಿಭಾಗ ವಾಪಸು ಇಲ್ಲ. ಆ ಜಾಗದಲ್ಲಿ ಪರೀಕ್ಷೆಗೆ ಓದುವವರಿಗೆ ಮೇಜು ಹಾಕುತ್ತಾರಂತೆ, ಅವರೂ ಕೇಳಿ ಎರಡು ವರ್ಷವಾಯಿತಂತೆ. ಪುಸ್ತಕಗಳನ್ನು ಬಳಗ ಯಾರಿಗೆ ಬೇಕಾದರೂ ಕೊಡಬಹುದು. ಯಾರಿಗೆ ಬೇಕಾದರೂ ಎಂದರೆ ನಿನಗೇ. ನೋಡು, ಇನ್ನೂರು ಎಂದಿದ್ದೆ, ಸಾವಿರವೇ ಬಂದೀತು!

ತಮಾಷೆಗೆ ಬರೆದೆ. ನನಗೆ ನಗು ಬರುತ್ತಿಲ್ಲ.

ಅವರೆಲ್ಲ ಹೊರಡುವಾಗ ಬಳಗದ ವಸಂತಕುಮಾರ ಎಂಬವರು, ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವರು, ಲೀಲಾಧರರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಹಮಾಲರ ಕೈಗೆ ಪುಸ್ತಕ ಕೊಟ್ರೆ ಇನ್ನೇನಾಗತ್ತೆ ಸಾರ್?" ಲೀಲಾಧರರು ಒಮ್ಮೆ ಆ ಖಾಕಿ ಸಾಲಿನ ಕಡೆ ತಿರುಗಿ ನೋಡಿ ಹೊರಟರು. ಆ ನಾಲ್ಕು ಕಪಾಟು ತುಂಬಿಸಲು ಅವರು ಮನೆಮನೆ ತಿರುಗಿ ಮೂವತ್ತು ವರ್ಷ ಹಿಡಿದಿತ್ತೆಂದು ಅವತ್ತೇ ನನಗೆ ಗೊತ್ತಾದದ್ದು.

ನೀನು ಇದನ್ನೇ ಕಲಿತವಳು. ದಾರಿ ಏನಾದರೂ ಇದ್ದರೆ ಹೇಳು.

ಕಾಕಾ


ಬೂದಿಹಾಳ
೧೪ ಜೂನ್ ೨೦೨೫

ಕಾಕಾ, ಶರಣು.

ಪತ್ರ ತಲುಪಿತು. ಇಲ್ಲಿ ಶಾಲೆ ಶುರುವಾಗಿದೆ, ಗಲಾಟೆ ಜಾಸ್ತಿ. ಮಳೆ ಎರಡು ಸಲ ಬಂದು ಹೋಯಿತು. ಹೊಸ ಕೋಣೆಗೆ ಸುಣ್ಣ ಹೊಡೆದರು.

ನೀವು ಕೇಳಿದ್ದು ಸುಲಭದ ವಿಷಯವಲ್ಲ. ತರಬೇತಿ ಕೊಟ್ಟ ಅಧಿಕಾರಿಗಳನ್ನು ಕೇಳಿ ನೋಡುತ್ತೇನೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆಗುವುದು ಆಗುತ್ತದೆ. ಎಲ್ಲಿದ್ದರೂ ಪುಸ್ತಕ ಪುಸ್ತಕವೇ ಅಲ್ಲವೇ?

ಪದ್ಮಾವತಿ


ಕಳಂಬೋಲಿ
೨೦ ಜೂನ್ ೨೦೨೫

ಪದ್ಮಾ,

ಮೂರು ಸಲ ಫೋನ್ ಮಾಡಿದೆ. ನಿನ್ನ ಫೋನಿನ ಗಂಟೆ ಹೊಡೆಯುತ್ತದೆ, ನೀನು ಎತ್ತುವುದಿಲ್ಲ. ಆರಾಮ ಇದ್ದೀ ತಾನೇ?

ಅಧಿಕಾರಿಗಳು ಸಿಕ್ಕರೇ? ನಾನು ಸುಮ್ಮನೆ ಕೂತಿಲ್ಲ. ಮಂಗಳವಾರ ದಿವಾ ರೈಲು ಹಿಡಿದು ಡೊಂಬಿವಲಿಗೆ ಹೋದೆ, ಹಳೆಯ ಗುಮಾಸ್ತರ ವಿಳಾಸ ಕೇಳಿಕೊಂಡು ಕಲ್ಯಾಣಕ್ಕೆ ಹೋದೆ, ಅಲ್ಲಿಂದ ವಿಠ್ಠಲವಾಡಿಗೆ. ಅವರು ತೀರಿಕೊಂಡು ನಾಲ್ಕು ವರ್ಷವಾಗಿದೆಯಂತೆ. ಅವರ ಸೊಸೆ ನೀರು ಕೊಟ್ಟು ಕಳಿಸಿದಳು. ಬುಧವಾರ ಕಸದ ರಾಶಿಯಲ್ಲಿ ಚೀಟಿ ಹುಡುಕಿಸಿದೆ. ಒಂಬತ್ತು ಸಿಕ್ಕವು, ಯಾವ ಪುಸ್ತಕದ್ದೋ ಶಿವನಿಗೇ ಗೊತ್ತು. ರಾತ್ರಿಪಾಳಿಯ ವಾಚಮನ್ ಕೂಡ ಈಗ "ನಂಬರ್ ಮಿಲಾ ಕ್ಯಾ?" ಎನ್ನುತ್ತಾನೆ.

ಕೂತರೆ ಎದ್ದೇಳಬೇಕೆನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯುವುದಿಲ್ಲ. ಟ್ರೇಲರ್ ಹಿಂದೆ ಬರುವಾಗ ನಿಲ್ಲು ಎನ್ನುವುದನ್ನು ಮರೆತೆ. ಮಾಪಣ್ಣ ಕೂಗಿದ. ಇಲ್ಲದಿದ್ದರೆ ಗೋಡೆ ಹೋಗುತ್ತಿತ್ತು.

ಹತ್ತು ದಿನ ಉಳಿಯಿತು. ಒಂದು ಸಾಲಾದರೂ ಬರೆ.

ಕಾಕಾ


ಬೂದಿಹಾಳ
೨೬ ಜೂನ್ ೨೦೨೫

ಕಾಕಾ,

ಮೊದಲು ದಾರಿ ಹೇಳುತ್ತೇನೆ. ಉಳಿದದ್ದು ಆಮೇಲೆ.

ಗ್ರಂಥಾಲಯಗಳಲ್ಲಿ ಗುಪ್ತ ಪುಟ ಎಂಬ ಪದ್ಧತಿ ಇದೆ. ಚೀಟಿ ಕಿತ್ತು ಪುಸ್ತಕ ಕದಿಯುವವರಿದ್ದಾರೆಂದು, ನಂಬರನ್ನು ಒಳಗಿನ ಒಂದು ಪುಟದಲ್ಲೂ ಸಣ್ಣದಾಗಿ ಬರೆದಿಡುತ್ತಾರೆ. ಎಲ್ಲ ಪುಸ್ತಕಕ್ಕೂ ಒಂದೇ ಪುಟ. ಯಾವ ಪುಟ ಎನ್ನುವುದು ಒಂದೊಂದು ಗ್ರಂಥಾಲಯಕ್ಕೆ ಒಂದೊಂದು. ಹಳಬರಿಗಷ್ಟೇ ಗೊತ್ತಿರುತ್ತದೆ, ಹೊಸದಾಗಿ ಬಂದವರಿಗೆ ಎಷ್ಟೋ ಸಲ ಹೇಳಿರುವುದಿಲ್ಲ. ಹತ್ತು ದಪ್ಪ ಪುಸ್ತಕ ತೆಗೆಯಿರಿ. ಪುಟ ಪುಟ ತಿರುವಿ ಕೆಳಗೆ, ಹೊಲಿಗೆಯ ಕಡೆಗೆ ನೋಡಿ. ಒಂದರಲ್ಲಿ ಸಿಕ್ಕರೆ ಎಲ್ಲದರಲ್ಲೂ ಸಿಕ್ಕಂತೆ.

ಈಗ ಉಳಿದದ್ದು. ನಾನು ಯಾವ ಅಧಿಕಾರಿಯನ್ನೂ ಕೇಳಲಿಲ್ಲ. ನಿಮ್ಮ ಪತ್ರ ಒಂಬತ್ತನೇ ತಾರೀಖು ಬಂತು. ಓದಿ ಮುಗಿಸುವ ಮೊದಲೇ ನನಗೆ ಉತ್ತರ ಗೊತ್ತಿತ್ತು. ಕೊನೆಯಲ್ಲಿ ನೀವು ತಮಾಷೆಗೆ ಬರೆದ ಸಾಲು ಓದಿದೆ, ಪತ್ರ ಮಡಚಿ ಇಟ್ಟೆ. ಇಂದಿಗೆ ಹದಿನೇಳು ದಿನ. ನಿಮ್ಮ ಫೋನು ಬಂದಾಗ ಎದುರಿಗೇ ಇಟ್ಟುಕೊಂಡು ನೋಡುತ್ತ ಕೂತಿದ್ದೆ. ಹೊಸ ಕೋಣೆಗೆ ಟೇಪು ಹಿಡಿದು ಅಳತೆ ಮಾಡಿದೆ, ನಾಲ್ಕು ಕಪಾಟು ಎಲ್ಲೆಲ್ಲಿ ನಿಲ್ಲುತ್ತವೆ ಎಂದು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಕೂಡ ಹಾಕಿದೆ.

ನಿನ್ನೆ ನಮ್ಮಲ್ಲಿಗೆ ಸರ್ಕಾರದಿಂದ ಹನ್ನೆರಡು ಪುಸ್ತಕ ಬಂದವು. ನಂಬರು ಬರೆಯಲು ನಮ್ಮ ಗುಪ್ತ ಪುಟ ತೆರೆದೆ. ಬರೆಯದೆ ಮುಚ್ಚಿದೆ. ಹನ್ನೆರಡೂ ಹಾಗೇ ಬಿದ್ದಿವೆ.

ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಭೀಮಣ್ಣ ಸಂಜೆ ಹೊರಡುತ್ತಾನೆ. ನನಗೆ ಒಂದು ಪುಸ್ತಕವನ್ನೂ ಕಳಿಸಬೇಡಿ.

ಪದ್ಮಾವತಿ


ಕಳಂಬೋಲಿ
೨ ಜುಲೈ ೨೦೨೫

ಪದ್ಮಾ,

ಶುಕ್ರವಾರ ಬೆಳಿಗ್ಗೆ ಸೇತುವೆಯ ಕೆಳಗೆ ನಿಂತೇ ನಿನ್ನ ಪತ್ರ ಓದಿದೆ. ಹರಿದು ಹಾಕಬೇಕೆನ್ನಿಸಿತು. ಆದರೆ ದಾರಿ ಬರೆದದ್ದೂ ಅದೇ ಕಾಗದದಲ್ಲಿ ಇತ್ತು. ಮಡಚಿ ಜೇಬಿಗೆ ಹಾಕಿದೆ.

ಹತ್ತು ದಪ್ಪ ಪುಸ್ತಕ ಹಾಸಿ ಎಲ್ಲರನ್ನೂ ಕೂರಿಸಿದೆ. ಕನ್ನಡಕ ಹಾಕಿಕೊಂಡ ನನಗೇ ಕಾಣಲಿಲ್ಲ. ಸಿಕ್ಕಿದ್ದು ಮಾಪಣ್ಣನಿಗೆ. ಅವನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಬಂಡಲ್ಲಿನ ನಂಬರು ನೋಡಿಯೇ ಅಲ್ಲವೇ ಅವನು ಇಪ್ಪತ್ತು ವರ್ಷದಿಂದ ಮಾಲು ಇಳಿಸುವುದು? "ಮುಕಾದಮ, ಇಲ್ಲಿ ಇರುವಿ ಕ್ವಾಣಿ ಮಾಡ್ಕೊಂಡು ಕುಂತಂಗದ ನೋಡ್ರಿ" ಎಂದ. ನಲವತ್ತಮೂರನೇ ಪುಟ, ಹೊಲಿಗೆಯ ಮೂಲೆ, ಇರುವೆಯಷ್ಟು ಸಣ್ಣ ನಾಲ್ಕು ಅಂಕಿ. ಇನ್ನೊಂದು ತೆಗೆದೆವು. ನಲವತ್ತಮೂರು. ಮತ್ತೊಂದು. ನಲವತ್ತಮೂರು. ನಾನು ಶೆಟರಿಗೆ ಒಂದು ಗುದ್ದು ಕೊಟ್ಟೆ, ಸಂತೋಷಕ್ಕೆ.

ಭಾನುವಾರ ಜಯಲತಾ, ಲೀಲಾಧರ, ವಸಂತಕುಮಾರ ಮೂವರೂ ರಿಜಿಸ್ಟರಿನ ನಕಲು ಹಿಡಿದು ಗಾಳಾಕ್ಕೆ ಬಂದರು. ನಮ್ಮವರು ಪುಟ ತೆಗೆಯುವುದು, ನಾನು ನಂಬರು ಕೂಗುವುದು, ಅವರು ಗುರುತು ಹಾಕುವುದು. ಕೂಗುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ಈ ಬಜಾರಿನಲ್ಲಿ ಇಲ್ಲ. ಮಧ್ಯಾಹ್ನ ಮೂರಕ್ಕೆ ಕೂಗಿ ಮುಗಿಯಿತು. ಇಪ್ಪತ್ತೆರಡು ಪುಸ್ತಕದಲ್ಲಿ ಆ ಹಾಳೆಯೇ ಹರಿದಿತ್ತು. ಮಕ್ಕಳ ತೆಳು ಪುಸ್ತಕ ಅರವತ್ತನಾಲ್ಕು ಇದ್ದವು, ಅವಕ್ಕೆ ನಲವತ್ತಮೂರನೇ ಪುಟವೇ ಇಲ್ಲ, ಇಪ್ಪತ್ತಕ್ಕೇ ಮುಗಿಯುತ್ತವೆ. ಜಯಲತಾ ಕೂಡಿಸಿದರು. "ಎಂಬತ್ತಾರು. ಐವತ್ತು ದಾಟಿತು ಮಾರ್ರೆ" ಎಂದು ಪೆನ್ನಿನ ಮುಚ್ಚಳ ಹಾಕಿದರು. ಎಲ್ಲರೂ ಎದ್ದು ಹೊರಗೆ ಬಾಲಮ್ಮನ ಚಹಾಕ್ಕೆ ಹೋದರು. ಯಾರೂ ನನ್ನ ಮುಖ ನೋಡಲಿಲ್ಲ.

ನಾನು ಆ ತೆಳು ಪುಸ್ತಕಗಳ ಗುಡ್ಡೆಯ ಮುಂದೆ ಕೂತೆ. ಮೇಲಿನದನ್ನು ಎತ್ತಿದೆ, ಕಪ್ಪೆಯ ಚಿತ್ರ ಇತ್ತು. ಸುಮ್ಮನೆ ತಿರುವುತ್ತ ಕೊನೆಯ ಪುಟಕ್ಕೆ ಬಂದೆ. ಕಪ್ಪೆಯ ಕಾಲಿನ ಕೆಳಗೆ, ಅದೇ ಇರುವೆ ಅಂಕಿ. ಆರುನೂರ ಹದಿನೆಂಟು. ಇನ್ನೊಂದರ ಕೊನೆಯ ಪುಟ ತೆಗೆದೆ. ಅಲ್ಲೂ ಇತ್ತು. ಪುಟ ಸಾಲದ ಪುಸ್ತಕಕ್ಕೆ ಕೊನೆಯ ಪುಟದಲ್ಲಿ ಬರೆದಿದ್ದರು.

ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ನೀನು, ಪದ್ಮಾ. ನೆಲದ ಮೇಲೆ ನೀನು ಹಾಕಿದ ಗೆರೆ. ನಾನು ಬಾಯಿ ಬಿಡದಿದ್ದರೆ ನಾಳೆ ಸಬ್ನೀಸ್ ಮೇಡಂ ಇಲ್ಲ ಎನ್ನುತ್ತಾರೆ, ನಾಲ್ಕು ಕಪಾಟು ಭೀಮುನ ಬಸ್ಸಿನ ಟಪ್ಪಿನ ಮೇಲೆ ಬೂದಿಹಾಳಕ್ಕೆ. ನಾನು ನಿನಗೆ ಕೊಟ್ಟ ಮಾತೂ ಉಳಿಯಿತು. ಹಮಾಲರ ಕೈ ಎಂದವನ ಬಾಯಿಗೂ ಒಂದು ಉತ್ತರವಾಯಿತು, ಹೋಗಲಿ ನಿಮ್ಮ ಕಪಾಟು ಎಂದು.

ಬಾಗಿಲಲ್ಲಿ ಜಯಲತಾ ನಿಂತಿದ್ದರು. "ಎಂತ ನೋಡ್ತಾ ಇದ್ದೀರಿ ಮುಕಾದಮರೇ? ಏನಾದ್ರೂ ಉಂಟಾ ಅದ್ರಲ್ಲಿ?"

ನನ್ನ ಹೆಬ್ಬೆರಳು ನಂಬರಿನ ಮೇಲಿತ್ತು.

"ಏನಿಲ್ರಿ" ಎಂದೆ.

ಹೌದು, ಅಂದೆ. ಅವರು ಹೋದರು. ಬಾಲಮ್ಮ ಚಹಾ ತಂದು ಪಕ್ಕದಲ್ಲಿ ಇಟ್ಟಳು. ಅದು ಆರುವವರೆಗೂ ಹಾಗೇ ಕೂತಿದ್ದೆ. ನೀನು ಹದಿನೇಳು ದಿನ ಹೇಗೆ ಕೂತೆಯೋ ನನಗೆ ಅರ್ಥವಾಯಿತು. ಕಷ್ಟವೇನಿಲ್ಲ, ಸುಮ್ಮನಿದ್ದರೆ ಸಾಕು.

ಮಾಪಣ್ಣ ಒಳಗೆ ಬಂದ. ಗುಡ್ಡೆಯಲ್ಲಿ ತನ್ನ ಹೆಸರಿನ ಲೇಬಲ್ ಗುರುತು ಹಿಡಿದು ನಾಲ್ಕು ಪುಸ್ತಕ ಎತ್ತಿಕೊಂಡ. ಅವನಿಗೆ ಓದಲು ಬರುವ ಅಕ್ಷರ ಆ ಮೂರೇ.

"ಇವು ಹೋದ್ವೇನ್ರಿ ಮುಕಾದಮ? ಇವ್ನೂ ಡೊಂಬಿವಲ್ಯಾಗ ಇಡ್ತಾರ, ಐತಾರ ಹೋಗಿ ತೋರಿಸ್ತೀನಿ ಅಂತ ಬಾಲಮ್ಮಗ ಹೇಳಿದ್ನಲ್ಲ."

ನನಗೆ ಒಮ್ಮೆಗೇ ಸಿಟ್ಟು ಬಂತು, ಯಾರ ಮೇಲೋ ತಿಳಿಯದು. ಎದ್ದು ಹೊರಗೆ ಬಂದು ಟ್ರೇಲರಿಗೆ ಕೂಗುವ ದನಿಯಲ್ಲೇ ಕೂಗಿದೆ.

"ಆರುನೂರ ಹದಿನೆಂಟು!"

ಲೀಲಾಧರರ ಕೈಯ ಚಹಾ ಅಂಗಿಯ ಮೇಲೆ ಚೆಲ್ಲಿತು. ಅರವತ್ತನಾಲ್ಕನ್ನೂ ಅಲ್ಲೇ ರಸ್ತೆ ಬದಿಯಲ್ಲಿ ನಿಂತು ಕೂಗಿದೆ. ಮುಗಿದ ಮೇಲೆ ಜಯಲತಾ ನನ್ನನ್ನೇ ನೋಡಿದರು. "ಆಗ ಏನಿಲ್ಲ ಅಂದಿರಲ್ಲ?" ಎಂದರು. "ಆಗ ಕನ್ನಡಕ ಇರಲಿಲ್ರಿ" ಎಂದೆ. ಕನ್ನಡಕ ಮೂಗಿನ ಮೇಲೇ ಇತ್ತು.

ಸೋಮವಾರ ತಪಾಸಣೆ ಆಯಿತು. ನಂಬರಿಲ್ಲದ್ದು ಇಪ್ಪತ್ತೆರಡೇ. ನಾಲ್ಕೂ ಕಪಾಟು ಶನಿವಾರ ವಾಪಸು ಹೋಗುತ್ತವೆ. ಬೆನ್ನ ಮೇಲೆ ಹೊಸ ಚೀಟಿ ಅಂಟಿಸುವುದು, ಕವರಿನ ಮೇಲಿನ ಹೆಸರಿನ ಲೇಬಲ್ ಹಾಗೇ ಇರಲಿ ಎಂದರು ಮೇಡಂ. ವಸಂತಕುಮಾರರು ಕ್ಷಮೆ ಕೇಳಲಿಲ್ಲ, ಆದರೆ ಮಾಪಣ್ಣನ ಪಕ್ಕ ಕೂತು ಒಂದು ತಾಸು ಚೀಟಿ ಕತ್ತರಿಸಿದರು.

ಇನ್ನು ನನ್ನದು. ನಾನು ಅಧ್ಯಕ್ಷನಲ್ಲ. ಕಾರ್ಯದರ್ಶಿಯೂ ಅಲ್ಲ. ಬಳಗದ ಯಾದಿಯಲ್ಲಿ ನನ್ನ ಹೆಸರೇ ಇರಲಿಲ್ಲ. ಭಾರ ಎತ್ತುವುದಿದ್ದಾಗ ಕರೆಯುತ್ತಿದ್ದರು, ನಾನು ಹೋಗುತ್ತಿದ್ದೆ. ಇನ್ನೂರು ಪುಸ್ತಕ ಕೊಡುವ ಅಧಿಕಾರ ನನಗೆ ಎಂದೂ ಇರಲಿಲ್ಲ. ನಿನ್ನ ಕೋಣೆ ಹೋಗುವುದಾದರೆ ಅದರಲ್ಲಿ ನನ್ನ ಬಾಯಿಯ ಪಾಲು ದೊಡ್ಡದು. ಇದನ್ನು ಪಂಚಾಯಿತಿಗೆ ನೀನು ಹೇಳಬೇಡ, ಆಗಸ್ಟಿನಲ್ಲಿ ಬಂದು ನಾನೇ ಹೇಳುತ್ತೇನೆ.

ಲೆಕ್ಕದಿಂದ ತೆಗೆದುಹಾಕಿದ ಇಪ್ಪತ್ತೆರಡನ್ನು ಎಲ್ಲಿಗಾದರೂ ಕೊಡಿ ಎಂದು ಜಯಲತಾ ಹೇಳಿದರು. ನೀನು ಬೇಡ ಎಂದಿದ್ದೀ. ಕಳಿಸುತ್ತಿದ್ದೇನೆ. ಒಂದೊಂದರಲ್ಲೂ ಒಂದು ಹಾಳೆ ಇಲ್ಲ, ಓದುವವರಿಗೆ ಮೊದಲೇ ಹೇಳು.

ಸಾವಿರದ ನೂರಾ ಇಪ್ಪತ್ತಾರು ಬರಬಹುದಿತ್ತು. ಇಪ್ಪತ್ತೆರಡು ಭೀಮುನ ಕೈಯಲ್ಲಿವೆ. ಎಣಿಸಿ ತೆಗೆದುಕೋ.

ಕಾಕಾ